ಒಂದಿಂಚು ಆಚೆ ನಿಂತ ಏಟು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತಿಲ್ಲ, ಬೇಕೆಂತಲೇ ಬಿಟ್ಟಿದ್ದೇನೆ.

ಹೋದ ತಿಂಗಳು ಅವರು ತೀರಿಕೊಂಡ ಮೇಲೆ ಹಳೆಯ ಶಿಷ್ಯರೆಲ್ಲ ಸೇರಿ ಒಂದು ನೆನಪಿನ ಸಂಚಿಕೆ ತರುತ್ತಿದ್ದಾರೆ. ಅದರ ಉಸ್ತುವಾರಿ ಹೊತ್ತವನು ನುಂಗಂಬಾಕ್ಕಂನಲ್ಲಿರುವ ನನ್ನ ಆಫೀಸಿಗೆ ಫೋನ್ ಮಾಡಿದ. "ಅಕ್ಕಾ, ಎಲ್ಲಾರೂ ತಮಿಳಲ್ಲೇ ಕೊಟ್ಟಿದ್ದಾರೆ. ಮಾಸ್ಟರ್ ಮನೇಲಿ ಕನ್ನಡ ತಾನೇ? ನೀವು ಒಬ್ಬರಾದ್ರೂ ಕನ್ನಡದಲ್ಲಿ ಎರಡು ಪೇಜ್ ಬರೀಬೇಕು. ಮಾಸ್ಟರ್ ಪೇರು ಮೇಲೆ ದೊಡ್ಡದಾಗಿ ಬರಬೇಕು, ಮರೀಬೇಡಿ."

ಮರೆಯುವುದೇ? ಆ ಮನುಷ್ಯ ತನ್ನ ಹೆಸರು ಎಲ್ಲಾದರೂ ಒಂದು ಕಡೆ ದೊಡ್ಡದಾಗಿ ಬರಲಿ ಅಂತ ಜೀವಮಾನವೆಲ್ಲ ಕಾದದ್ದು ನನಗೆ ಗೊತ್ತಿಲ್ಲವೇ? ಆ ಹೆಸರಿಗೋಸ್ಕರ ನನ್ನನ್ನು ಮಾರಿಕೊಂಡದ್ದೂ ಗೊತ್ತಿದೆ. ಸಂಚಿಕೆಯವರು ಬೇಕಿದ್ದರೆ ಹಾಕಿಕೊಳ್ಳಲಿ. ನನ್ನ ಕೈಯಿಂದ ಆಗುವುದಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅನ್ನುವವರು ಇಲ್ಲಿಗೇ ಪುಟ ತಿರುಗಿಸಿಬಿಡಿ.

ನಮ್ಮದು ಟಿ. ನಗರದ ಸೀರೆ ಅಂಗಡಿಗಳ ಹಿಂದಿನ ಬೀದಿಯ ಮಾಧ್ವರ ಮನೆ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದೇವೆ. ತಾತ ರೈಲ್ವೆ, ಅಪ್ಪ ಬ್ಯಾಂಕು. ಮನೆಯಲ್ಲಿ ಎಲ್ಲರೂ ಊದುಬತ್ತಿಯ ಹಾಗಿದ್ದರೆ ನಾನೊಬ್ಬಳು ಹದಿನೇಳು ವರ್ಷಕ್ಕೇ ಐದೂ ಮುಕ್ಕಾಲು ಅಡಿ ಎತ್ತರ, ಎಂಬತ್ತನಾಲ್ಕು ಕಿಲೋ ತೂಕ. ಅಂಗಡಿಗೆ ಹೋದರೆ ಸೇಲ್ಸ್ ಹುಡುಗಿಯರು ನನ್ನ ಕಡೆ ನೋಡದೆ ಅಮ್ಮನಿಗೆ ಹೇಳುವರು, "ಇವಂಗಳುಕ್ಕು ಸೈಜ್ ಇಲ್ಲೆಮ್ಮಾ," ಇವಳ ಅಳತೆಯದು ಇಲ್ಲ ಅಂತ. ಅಮ್ಮ ಬೀದಿಗೆ ಬಂದು, "ಕೃಷ್ಣ ಕೃಷ್ಣ, ನನ್ನ ಹೊಟ್ಟೇಲಿ ಇದ್ಯಾವ ಭೀಮಸೇನ ಬಂದು ಸೇರ್ಕೊಂಡನೋ" ಅನ್ನುವಳು. ಪ್ರೀತಿಯಿಂದಲೇ ಅನ್ನುವಳು, ಆದರೂ ಅನ್ನುವಳು.

ಮಾಸ್ಟರು ಸಿಕ್ಕಿದ್ದು ಬಸ್ಸಿನಲ್ಲಿ. ವಡಪಳನಿ ಕಡೆಗೆ ಹೋಗುವ ಬಸ್ಸು, ಕಾಲಿಡಲು ಜಾಗವಿಲ್ಲದ ಜನ. ಹಿಂದೆ ನಿಂತವನೊಬ್ಬ ಕೈ ಎಲ್ಲೆಲ್ಲೋ ಆಡಿಸಿದ. ನಾನು ತಿರುಗಿ, "ಥೂ ನಿನ್ನ ಮುಖಕ್ಕೆ!" ಅಂತ ಒಂದು ಬಿಟ್ಟೆ. ಅವನು ಹೋಗಿ ಕಂಡಕ್ಟರ್ ಮಡಿಲಲ್ಲಿ ಕೂತ. ಬಸ್ಸೆಲ್ಲ ಗಲಾಟೆ ಮಾಡುತ್ತಿರುವಾಗ, ಕಂಬಿ ಹಿಡಿದು ನಿಂತಿದ್ದ ಬಿಳಿ ಮೀಸೆಯ ದಪ್ಪ ಮನುಷ್ಯರೊಬ್ಬರು ನಿಧಾನವಾಗಿ ಕೇಳಿದರು, "ಕನ್ನಡದೋಳಾ ಮಾ? ಕೈ ಚೆನ್ನಾಗಿದೆ. ಕಾಲು ತಪ್ಪಾಗಿ ಇಟ್ಟೆ. ಬಸ್ಸು ಬ್ರೇಕ್ ಹಾಕಿದ್ರೆ ನೀನೇ ಬೀಳ್ತಿದ್ದೆ." ನನ್ನ ಮೈಯನ್ನು ನೋಡಿ ನಗದೆ, ಅಯ್ಯೋ ಅನ್ನದೆ, ಅದರ ಬಗ್ಗೆ ಒಂದು ಕೆಲಸದ ಮಾತು ಆಡಿದ ಮೊದಲ ಮನುಷ್ಯ ಅವರು. ಈ ಒಂದನ್ನು ನಾನು ಅಲ್ಲಗಳೆಯಲಾರೆ. ಹೊಟ್ಟೆ ಉರಿಯುವುದೂ ಅದಕ್ಕೇ.

ಅವರು ಸಿನಿಮಾದಲ್ಲಿ ಏಟು ತಿನ್ನುವ ಕೆಲಸದವರು. ಕೋಲಾರದ ಕಡೆಯಿಂದ ಅಪ್ಪನ ಜೊತೆ ಚಿಕ್ಕಂದಿನಲ್ಲೇ ಬಂದು ವಡಪಳನಿಯಲ್ಲಿ ಬೆಳೆದವರು. ಹರೆಯದಲ್ಲಿ ಒಂದೆರಡು ವರ್ಷ ಹೆವಿವೇಟ್ ಬಾಕ್ಸಿಂಗ್ ಆಡಿ, ಆಮೇಲೆ ಸ್ಟುಡಿಯೋಗಳಲ್ಲಿ ಫೈಟರ್ ಆದರು. ಹೀರೋ ಒಬ್ಬನೇ ಹತ್ತು ಜನರನ್ನು ಹೊಡೆಯುತ್ತಾನಲ್ಲ, ಆ ಹತ್ತರಲ್ಲಿ ಇವರೊಬ್ಬರು. ಮೂವತ್ತು ವರ್ಷ ಗಾಜು ಒಡೆದುಕೊಂಡು ಬಿದ್ದಿದ್ದಾರೆ, ಮೆಟ್ಟಿಲ ಮೇಲಿಂದ ಉರುಳಿದ್ದಾರೆ. ಎಲ್ಲಿಯಾದರೂ ಕೂರುವ ಮುಂಚೆ ಒಮ್ಮೆ ಹಿಂದಕ್ಕೆ ತಿರುಗಿ ನೋಡುವರು. ಸ್ವಂತ ಮನೆಯ ಕುರ್ಚಿಯಲ್ಲಿ ಕೂರುವಾಗಲೂ ಹಾಗೇ. ಕೆಳಗೆ ಹಾಸಿಗೆ ಹಾಕಿದ್ದಾರೋ ಇಲ್ಲವೋ ನೋಡಿಕೊಳ್ಳುವ ಅಭ್ಯಾಸವಂತೆ.

ನಾನು ಅವರ ಹತ್ತಿರ ಬಾಕ್ಸಿಂಗ್ ಕಲಿಯಲು ಸೇರಿದ ಮೇಲೆ ಒಮ್ಮೆ ಶಿಷ್ಯರನ್ನೆಲ್ಲ ಥಿಯೇಟರಿಗೆ ಕರೆದುಕೊಂಡು ಹೋದರು. ಯಾವುದೋ ಹಳೆಯ ಸಿನಿಮಾ, ಮತ್ತೆ ಹಾಕಿದ್ದರು. ಫೈಟ್ ಬರುತ್ತಲೇ ಮುಂದಿನ ಸೀಟಿನವರಿಗೂ ಕೇಳುವ ಹಾಗೆ, "ನೋಡು ನೋಡು, ಆ ಬೆನ್ನು ನಂದು!" ಅಂದರು. ಬೆನ್ನು ಬಂತು, ಹೋಯಿತು. "ಆಗ ಬಿದ್ದನಲ್ಲ, ಆ ಕಾಲು ನಂದು." ಮುಖ ಒಂದು ಸಲವೂ ಬರಲಿಲ್ಲ. ಸಿನಿಮಾ ಮುಗಿದು ಜನ ಏಳುತ್ತಿದ್ದಾಗ ಇವರು ಮಾತ್ರ ಕೊನೆಯಲ್ಲಿ ಓಡುವ ಹೆಸರುಗಳನ್ನು ಪೂರ್ತಿ ನೋಡುತ್ತ ಕೂತರು. ಅದರಲ್ಲಿ ಅವರ ಹೆಸರಿಲ್ಲವೆಂದು ಅವರಿಗೇ ಗೊತ್ತಿತ್ತು. ಗುಂಪಿನ ಯಜಮಾನನ ಹೆಸರು ಹಾಕಿದರೆ ಉಳಿದವರದೆಲ್ಲ ಅದರಲ್ಲೇ ಬಂದ ಹಾಗೆ.

ಸೆಟ್ಟಿನ ಸಾಮಾನು ಇಡುವ ಒಂದು ಗೋದಾಮಿನ ತಾರಸಿಯ ಮೇಲೆ ಅವರ ತಾಲೀಮು. ಪ್ಲಾಸ್ಟರ್ ಕಂಬ, ಥರ್ಮೋಕೋಲ್ ಸಿಂಹಾಸನ, ಮೂಗು ಮುರಿದ ದೇವತೆಗಳು, ಇವುಗಳ ಮಧ್ಯೆ ದಾರಿ ಮಾಡಿಕೊಂಡು ಮೇಲೆ ಹತ್ತಬೇಕು. ಸಿನಿಮಾ ಫೈಟಿಂಗೂ ಬಾಕ್ಸಿಂಗೂ ಅಲ್ಲಿ ಒಟ್ಟಿಗೇ ನಡೆಯುತ್ತಿತ್ತು. ಮೇಲೆ ಹೋದ ತಕ್ಷಣ ಹಾಜರಿ. ಅವರ ಹಾಜರಿಗೆ ಪುಸ್ತಕವಿಲ್ಲ. ಒಬ್ಬೊಬ್ಬರೂ ಹೋಗಿ ಅವರ ಮುಂದೆ ನಿಲ್ಲಬೇಕು. ಅವರು ಮುಷ್ಟಿ ಬೀಸುವರು. ಅದು ದವಡೆಗೆ ಒಂದು ಇಂಚು ಆಚೆ ನಿಲ್ಲುವುದು. ನಾವು ನಿಜವಾಗಿ ಏಟು ಬಿದ್ದ ಹಾಗೆ ತಲೆಯನ್ನು ಹಿಂದಕ್ಕೆ ಎಸೆಯಬೇಕು. ಚೆನ್ನಾಗಿ ಎಸೆದರೆ "ವಾಂಗಿದೆ ಮಾ, ಹೋಗು" ಅನ್ನುವರು, ಏಟನ್ನು ಸರಿಯಾಗಿ ತೆಗೆದುಕೊಂಡೆ ಅಂತ. ಇಲ್ಲದಿದ್ದರೆ "ಒನ್ ಮೋರ್." ಸ್ಟುಡಿಯೋದಲ್ಲಿ ಡೈರೆಕ್ಟರುಗಳಿಂದ ದಿನಕ್ಕೆ ನೂರು ಸಲ ಕೇಳಿಸಿಕೊಂಡ ಮಾತನ್ನು ಇಲ್ಲಿ ತಾವು ಹೇಳುವಾಗ ಅವರ ಮುಖದಲ್ಲಿ ಒಂದು ಸುಖ ಕಾಣುತ್ತಿತ್ತು. ಊರಿನ ಹೀರೋಗಳ ಏಟಿಗೆಲ್ಲ ಬಿದ್ದವರ ಏಟಿಗೆ ಯಾರಾದರೂ ತಲೆ ಎಸೆಯುತ್ತಿದ್ದದ್ದು ಆ ತಾರಸಿಯಲ್ಲಿ ಮಾತ್ರ.

"ಏಟು ಬಂದಾಗ ಅದರ ಎದುರು ನಿಲ್ಲಬಾರದು ಮಾ. ಅದರ ಜೊತೇಲಿ ಹೋಗಬೇಕು. ಹೋದ್ರೆ ಕತ್ತು ಉಳಿಯುತ್ತೆ." ನಾಲ್ಕು ವರ್ಷ ದಿನಾ ಮಾಡಿದ್ದೇನೆ. ಕೊನೆಗೆ ಅದು ಕಣ್ಣು ಪಿಳುಕಿಸಿದ ಹಾಗೆ ಆಗಿಬಿಟ್ಟಿತ್ತು. ಮನೆಯಲ್ಲಿ ಅಮ್ಮ ಸೊಳ್ಳೆ ಹೊಡೆಯಲು ಕೈ ಎತ್ತಿದರೂ ನನ್ನ ತಲೆ ಹಿಂದಕ್ಕೆ ಹಾರುತ್ತಿತ್ತು. ಅಮ್ಮ, "ನಾನೇನು ನಿನ್ನ ಹೊಡೆದೆನೇನೇ!" ಅಂತ ಅತ್ತಿದ್ದಾಳೆ.

ಮೊದಲ ವಾರ ನನ್ನ ಕೈಗೆ ಗ್ಲೌಸೇ ಕೊಡಲಿಲ್ಲ. ತಾರಸಿಯ ಗೋಡೆಗೆ ಮೊಣಕೈ ಊರಿಸಿ ನಿಲ್ಲಿಸಿ, ಕೆಳಗಿನ ಸಿಗ್ನಲ್ ನೋಡು ಅಂದರು.

"ಹೆವಿವೇಟಲ್ಲಿ ಮೂರೇ ಜಾತಿ ಮಾ. ಆ ನೀರಿನ ಲಾರಿ ನೋಡು. ಜಾಗ ಬಿಡಲ್ಲ, ನಿಂತಲ್ಲೇ ನಿಂತಿರುತ್ತೆ. ಒಂದ್ಸಲ ಗುದ್ದಿದ್ರೆ ಮುಗೀತು. ಆಟೋ ನೋಡು, ಒಂದು ಸಂದು ಸಿಕ್ಕಿದ್ರೆ ಸಾಕು, ಮೂತಿ ತೂರಿಸಿಬಿಡುತ್ತೆ. ಸ್ಕೂಟಿ ಮುಟ್ಟಿ ಓಡಿಹೋಗುತ್ತೆ. ಲಾರಿಗೆ ಸ್ಕೂಟಿ ಸಿಗಲ್ಲ. ಸ್ಕೂಟೀನ ಆಟೋ ಒತ್ತಿ ಒತ್ತಿ ಫುಟ್‌ಪಾತ್ ಹತ್ತಿಸುತ್ತೆ. ಅದೇ ಆಟೋ ಹೋಗಿ ಲಾರಿ ಎದುರು ನುಗ್ಗಿದ್ರೆ? ಆಮೇಲೆ ಆಟೋನ ತಟ್ಟೇಲಿ ಎತ್ಕೊಂಡು ಬರಬೇಕು."

"ನಾನು ಲಾರಿ ತಾನೇ ಮಾಸ್ಟರ್?" ಅಂದೆ.

"ನೀನು ಸ್ಕೂಟಿ."

ತಾರಸಿಯೆಲ್ಲ ನಕ್ಕಿತು. ಎಂಬತ್ತನಾಲ್ಕು ಕಿಲೋ ಸ್ಕೂಟಿ! ಅವರು ಮಾತ್ರ ನಗಲಿಲ್ಲ. "ಕೈ ಉದ್ದ, ಕಾಲು ಹಗುರ. ದೂರ ನಿಂತು ಎಡಗೈ ನೀಡಿ ಮುಟ್ಟಿ ಬರೋದು ನಿನ್ನ ಆಟ. ಚಿಕ್ಕ ತೂಕದ ಹುಡುಗೀರು ಒಂದೇ ಫೈಟಲ್ಲಿ ಮೂರು ವೇಷಾನೂ ಹಾಕ್ತಾರೆ. ಹೆವೀಲಿ ಆಗಲ್ಲ. ಇಷ್ಟು ಮೈ ಇಟ್ಕೊಂಡು ವೇಷ ಬದಲಾಯಿಸೋ ಅಷ್ಟರಲ್ಲಿ ಎದುರಿಗಿರೋಳು ಮನೆಗೆ ಕಳಿಸಿರ್ತಾಳೆ. ಹೆವೀಲಿ ಯಾರಿಗೆ ಬಲ ಜಾಸ್ತಿ ಅಂತ ಕೇಳಬೇಡ. ಯಾವ ಗಾಡಿ ಎದುರು ಯಾವ ಗಾಡಿ ಬಂತು, ಅದನ್ನ ಕೇಳು."

ಅವರು ಹೇಳಿದ್ದು ಅಕ್ಷರಶಃ ನಿಜ. ಮೂರು ವರ್ಷ ನನ್ನ ಎದುರು ಬಂದವರೆಲ್ಲ ಲಾರಿಗಳು. ದಪ್ಪ ಇದ್ದೇವೆ, ಗುದ್ದುತ್ತೇವೆ ಅಂತ ನಡುವೆ ಬಂದು ನಿಲ್ಲುವವರು. ನಾನು ಸುತ್ತ ತಿರುಗಿ ತಿರುಗಿ ಎಡಗೈಯಿಂದ ಮುಟ್ಟಿ ಅವರಿಗೆಲ್ಲ ನೀರು ಕುಡಿಸಿದೆ. ಮಾಸ್ಟರು ನನ್ನ ಮೂಲೆಯಲ್ಲಿ ಟವೆಲ್ ಹಿಡಿದು ನಿಂತಿರುವರು. ಗೆದ್ದರೆ ಹೊಗಳುವುದಿಲ್ಲ. "ಮೂರನೇ ರೌಂಡಲ್ಲಿ ಎಡಗಾಲು ಸೋಂಬೇರಿ ಆಯ್ತು," ಇಷ್ಟೇ. ನಾಲ್ಕು ವರ್ಷದಲ್ಲಿ ಒಂದು ಶಭಾಷ್ ಅವರ ಬಾಯಿಂದ ಬಿದ್ದದ್ದಿಲ್ಲ.

ರಾಜ್ಯ ಮಟ್ಟದ ಫೈನಲ್ಲಿಗೆ ಎರಡು ತಿಂಗಳಿತ್ತು. ಗೆದ್ದವಳಿಗೆ ಕ್ರೀಡಾ ಕೋಟಾದಲ್ಲಿ ವಿಮಾ ಕಂಪನಿಯ ಕೆಲಸ. ಅಪ್ಪ ಆಗಲೇ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಒಂದು ಸಾಯಂಕಾಲ ತಾರಸಿಗೆ ಹೋದರೆ ಮಾಸ್ಟರು ಹೊಸ ಟ್ರ್ಯಾಕ್‌ಸೂಟ್ ಹಾಕಿಕೊಂಡು ನಿಂತಿದ್ದಾರೆ. ನೀಲಿ ಬಣ್ಣ. ನನ್ನನ್ನು ಕಂಡವರೇ ತಿರುಗಿ ಬೆನ್ನು ತೋರಿಸಿದರು. ಬೆನ್ನಿನ ಮೇಲೆ ಅವರ ಹೆಸರು, ಅದರ ಕೆಳಗೆ ಹೆಡ್ ಕೋಚ್ ಅಂತ.

"ಹೊಸ ಅಕಾಡೆಮಿ ಮಾ. ಪೇರು ಹಾಕ್ತೀವಿ ಅಂದ್ರು."

"ಮತ್ತೆ ನಾನು?"

"ಅವರ ಹತ್ರ ಒಬ್ಬಳು ಹೆವಿ ಹುಡುಗಿ ಇದ್ದಾಳೆ. ಎರಡು ಹೆವೀನ ಒಂದೇ ಮನುಷ್ಯ ನೋಡ್ಕೊಳ್ಳೋಕೆ ಆಗಲ್ಲ ತಾನೇ?"

ಕ್ಷಮೆ ಇಲ್ಲ, ಕಣ್ಣು ತಗ್ಗಿಸುವುದಿಲ್ಲ, ಏನಿಲ್ಲ. ಬೆನ್ನು ಇನ್ನೂ ನನ್ನ ಕಡೆಗೇ ಇತ್ತು. ಆ ಅಕ್ಷರಗಳನ್ನು ನಾನು ಓದಿ ಮುಗಿಸಿದೆನೋ ಇಲ್ಲವೋ ಅಂತ ಕಾಯುತ್ತಿದ್ದರು. ಅವತ್ತು ಮೆಟ್ಟಿಲಿಳಿದು ಬರುವಾಗ ಕಾಲಿಗೆ ಅಡ್ಡ ಸಿಕ್ಕಿದ ಒಂದು ಥರ್ಮೋಕೋಲ್ ಕಿರೀಟವನ್ನು ಜಜ್ಜಿ ಪುಡಿ ಮಾಡಿ ಬಂದೆ.

ಆ ಹೆವಿ ಹುಡುಗಿ ಯಾರೆಂದು ಫೈನಲ್ಲಿನಲ್ಲಿ ಗೊತ್ತಾಯಿತು. ನನಗಿಂತ ಆರು ಇಂಚು ಕುಳ್ಳಿ, ಆರು ಕಿಲೋ ಜಾಸ್ತಿ, ಕುತ್ತಿಗೆಯೇ ಇಲ್ಲ. ಗಂಟೆ ಹೊಡೆದ ತಕ್ಷಣ ತಲೆ ತಗ್ಗಿಸಿ, ಎರಡೂ ಕೈ ಮುಖಕ್ಕೆ ಮುಚ್ಚಿ ನುಗ್ಗಿದಳು. ಆಟೋ. ಅಲ್ಲಿಗೆ ನನ್ನ ಕಥೆ ಅರ್ಧ ಮುಗಿದಿತ್ತು. ನನ್ನ ಉದ್ದ ಕೈಗೆ ಬೇಕಾದ ದೂರವನ್ನೇ ಅವಳು ಕೊಡಲಿಲ್ಲ. ಹಗ್ಗಕ್ಕೆ ಒತ್ತಿ ಒತ್ತಿ ಬರುತ್ತಿದ್ದಳು. ಆದರೂ ಅವಳ ಏಟಿನಲ್ಲಿ ತೂಕವಿರಲಿಲ್ಲ. ಬೆಕ್ಕು ಪರಚಿದ ಹಾಗೆ ಮುಟ್ಟಿ ಮುಟ್ಟಿ ಬಿಡುತ್ತಿದ್ದಳು. ಒಂದೂ ನನಗೆ ನೋಯಲಿಲ್ಲ. ಗೆದ್ದೆ ಅಂತಲೇ ಅಂದುಕೊಂಡಿದ್ದೆ. ಐದು ಜನ ಜಡ್ಜುಗಳಲ್ಲಿ ಐವರೂ ಅವಳ ಕಡೆ ಕೊಟ್ಟರು.

ಯಾಕೆಂದು ತಿಳಿದದ್ದು ನಾಲ್ಕು ದಿನ ಆದ ಮೇಲೆ. ಅಪ್ಪ ಫೋನಿನಲ್ಲಿ ತೆಗೆದ ವಿಡಿಯೋ ನೋಡಿದೆ. ಅವಳ ಗ್ಲೌಸು ಹಾಗೆ ಸವರಿಕೊಂಡು ಹೋಗುತ್ತದೆ. ನನ್ನ ತಲೆ ಚೆಂಡಿನ ಹಾಗೆ ಹಿಂದಕ್ಕೆ ಹಾರುತ್ತದೆ. ಇನ್ನೊಂದು ಸಲ ಸವರುತ್ತಾಳೆ, ಕೂದಲು ಕೆದರಿ, ಬೆವರು ಸಿಡಿದು, ನಾನು ಹಗ್ಗದ ಮೇಲೆ ಬೀಳುತ್ತೇನೆ. ನೋಡುವವರಿಗೆ ಅವಳು ನನ್ನನ್ನು ಕೊಲ್ಲುತ್ತಿದ್ದಾಳೆ ಅನ್ನಿಸಬೇಕು. ಜಡ್ಜುಗಳದು ತಪ್ಪಿಲ್ಲ. ಜಗತ್ತಿನಲ್ಲಿ ಯಾವ ಬಾಕ್ಸರೂ ಮಾಡದ ತಪ್ಪನ್ನು ನಾನು ಮಾಡಿದ್ದೆ. ನನಗೆ ಬೀಳದ ಏಟನ್ನೆಲ್ಲ ಬಿತ್ತು ಅಂತ ನಾನೇ ಅಭಿನಯಿಸಿ ತೋರಿಸಿದ್ದೆ.

ಅದನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ವಿಡಿಯೋದ ಸದ್ದಿನಲ್ಲಿ, ಜನರ ಕೂಗಿನ ಮಧ್ಯೆ, ಎದುರು ಮೂಲೆಯಿಂದ ಒಂದು ದನಿ ಕೇಳುತ್ತಿತ್ತು. ನಿಧಾನ, ಸಮಾಧಾನ. "ತೊಡು, ಪೋದುಂ. ತೊಡು, ಪೋದುಂ." ಮುಟ್ಟು, ಸಾಕು. ಮುಟ್ಟಿದರೆ ಸಾಕು, ಉಳಿದದ್ದನ್ನು ಎದುರಿಗಿರುವವಳೇ ಮಾಡಿಕೊಳ್ಳುತ್ತಾಳೆ. ನನ್ನ ಕತ್ತು ಉಳಿಯಲಿ ಅಂತ ಕಲಿಸಿದ್ದನ್ನೇ ಹಿಡಿದು ಆ ಮಹಾನುಭಾವರು ನನ್ನ ಕತ್ತು ಹಿಸುಕಿದ್ದರು. ನನಗೆ ಅಳು ಬರಲಿಲ್ಲ. ಮೈಯೆಲ್ಲ ಬೆಂಕಿ ಹೊತ್ತಿಕೊಂಡಿತು. ಮುಂದಿನ ವರ್ಷ ಅದೇ ಹಾಲಿನಲ್ಲಿ, ಅದೇ ಮೂಲೆಯಲ್ಲಿ, ಅದೇ ಟ್ರ್ಯಾಕ್‌ಸೂಟಿನಲ್ಲಿ ಅವರು ತಲೆಯ ಮೇಲೆ ಕೈ ಹೊತ್ತು ಕೂರುವುದನ್ನು ನೋಡದೆ ಬಿಡುವುದಿಲ್ಲ ಅಂತ ಪಣ ತೊಟ್ಟೆ. ಕೆಲಸ, ಮೆಡಲು, ಎಲ್ಲ ಅದರ ಹಿಂದೆ.

ಆ ಒಂದು ವರ್ಷ ನನಗೆ ಕೋಚ್ ಅಂದರೆ ಅಪ್ಪ. ಬ್ಯಾಂಕಿನಿಂದ ಆಗಷ್ಟೇ ರಿಟೈರ್ ಆಗಿದ್ದರು. ನಮ್ಮ ಫ್ಲಾಟಿನ ಕೆಳಗೆ ಸ್ಕೂಟರು ನಿಲ್ಲಿಸುವ ಜಾಗದಲ್ಲಿ, ಪಂಚೆ ಎತ್ತಿ ಕಟ್ಟಿ, ಹೊಟ್ಟೆಗೆ ಒಂದು, ಎದೆಗೆ ಒಂದು ದಿಂಬು ಬಿಗಿದುಕೊಂಡು, ತಲೆ ತಗ್ಗಿಸಿ, "ಬಂದೆ ಕಣೇ, ಬಂದೆ!" ಅಂತ ನುಗ್ಗಿ ಬರುವರು. ನಾನು ಎಡಗಾಲು ಊರಿ, ಬಲಗೈಯನ್ನು ಸೊಂಟದಿಂದ ಮೇಲಕ್ಕೆ ಎತ್ತಿ ದಿಂಬಿಗೆ ಹೊಡೆಯಬೇಕು. ಅಪ್ಪ ಎಷ್ಟೋ ಸಲ ಸ್ಕೂಟರುಗಳ ಮೇಲೆ ಬಿದ್ದಿದ್ದಾರೆ. ಅಮ್ಮ ಬಾಲ್ಕನಿಯಿಂದ, "ರೀ, ಏಕಾದಶಿ ದಿನಾನೂ ಇದು ಬೇಕಾ? ವಯಸ್ಸಾಯ್ತು ನಿಮಗೆ!" ಅಂತ ಕೂಗುವಳು.

ಎಷ್ಟು ಕುಟ್ಟಿದರೂ ನಾನು ಲಾರಿ ಆಗಲಿಲ್ಲ. ಮಾಸ್ಟರು ಹೇಳಿದ್ದು ಸರಿಯಾಗಿತ್ತು, ಹಾಳಾದ್ದು. ಮೈ ಹೀಗಿರುವಾಗ ಆಟ ಬದಲಾಯಿಸುವುದು ಆಗದ ಮಾತು. ಆ ಕುಳ್ಳಿ ಕೈ ಮುಚ್ಚಿಕೊಂಡು, ತಲೆ ಆಡಿಸುತ್ತ ಬಂದರೆ ಕೆಳಗಿನಿಂದ ಎತ್ತುವ ನನ್ನ ಏಟು ಅವಳಿಗೆ ತಾಗುವುದೇ ಇಲ್ಲ. ಅವಳು ಕೈ ತೆಗೆದು, ನೆಟ್ಟಗೆ ಬರಬೇಕು. ನುಗ್ಗುವವಳು ಯಾವಾಗ ಕೈ ತೆಗೆಯುತ್ತಾಳೆ? ಎದುರಿಗಿರುವವಳ ಕಥೆ ಮುಗಿಯಿತು ಅನ್ನಿಸಿದಾಗ. ಇದು ಹೊಳೆದ ದಿನ ನಾನು ಅಪ್ಪನನ್ನು ದಿಂಬಿನ ಸಮೇತ ಎತ್ತಿ ಕುಣಿಸಿದೆ.

ಮರುವರ್ಷ ಫೈನಲ್ಲಿಗೆ ಮತ್ತೆ ನಾವಿಬ್ಬರೇ. ಮೊದಲ ರೌಂಡು ಹಲ್ಲು ಕಚ್ಚಿಕೊಂಡು ಇದ್ದೆ. ಅವಳು ಸವರಿದಳು, ನನ್ನ ತಲೆ ಅಲ್ಲಾಡಲಿಲ್ಲ. ಕತ್ತನ್ನು ಕಲ್ಲು ಮಾಡಿಕೊಂಡಿದ್ದೆ. ಮಾಸ್ಟರ ಮುಖ ನೋಡಿದೆ. ಹುಬ್ಬು ಗಂಟಿಕ್ಕಿತ್ತು. ಎರಡನೆಯ ರೌಂಡು ಅರ್ಧ ಆಗಿರಬೇಕು. ಅವಳ ಬಲಗೈ ನನ್ನ ಕಿವಿಯ ಹತ್ತಿರ ಗಾಳಿಯಲ್ಲಿ ಹೋಯಿತು, ಮುಟ್ಟಲೂ ಇಲ್ಲ. ಆಗ ನಾನು ವಾಂಗಿದೆ. ನಾಲ್ಕು ವರ್ಷದ ಹಾಜರಿಯನ್ನೆಲ್ಲ ಸೇರಿಸಿ ವಾಂಗಿದೆ. ತಲೆ ಎಸೆದೆ, ಮಂಡಿ ಮಡಿಸಿದೆ, ಕಣ್ಣನ್ನು ಮೇಲಕ್ಕೆ ತೇಲಿಸಿದೆ, ಕೈ ಎರಡೂ ಜೋತುಬಿಟ್ಟು ಹಗ್ಗಕ್ಕೆ ಒರಗಿದೆ. ಹಾಲೆಲ್ಲ ಅಯ್ಯೋ ಅಂದಿತು. ನಮ್ಮಪ್ಪನೇ ನಂಬಿ ಕುರ್ಚಿ ಬಿಟ್ಟು ಎದ್ದರಂತೆ.

ಅಷ್ಟು ಜನರಲ್ಲಿ ಒಬ್ಬರಿಗೆ ಮಾತ್ರ ನಿಜ ಗೊತ್ತಿತ್ತು. "ನಡಿಪ್ಪು! ನಡಿಪ್ಪು ಮಾ ಅದು! ಪೋಗಾದೆ!" ಅಂತ ಅವರು ಹಗ್ಗಕ್ಕೆ ಎದೆ ಕೊಟ್ಟು ಅರಚಿದರು. ನಾಟಕ ಅದು, ಹೋಗಬೇಡ ಅಂತ. ಕೇಳುವವರು ಯಾರು? ಆ ಹುಡುಗಿಯ ಕಣ್ಣಿಗೆ ನಾನು ಸತ್ತ ಹಾಗೆ ಕಂಡಿದ್ದೆ. ಎರಡೂ ಕೈ ಬಿಚ್ಚಿ, ಗಲ್ಲ ಮುಂದೆ ಮಾಡಿ, ನೆಟ್ಟಗೆ ಓಡಿ ಬಂದಳು. ನಾನು ಎಡಗಾಲು ಊರಿದೆ. ಸೊಂಟದಿಂದ ಮೇಲಕ್ಕೆ ಒಂದೇ ಒಂದು. ಒಂದು ವರ್ಷದ ಉರಿಯೆಲ್ಲ ಆ ಒಂದು ಮುಷ್ಟಿಯಲ್ಲಿತ್ತು. ಅವಳು ಬಿದ್ದಲ್ಲಿಂದ ಏಳಲಿಲ್ಲ. ರೆಫರಿ ಹತ್ತು ಎಣಿಸಿ ಮುಗಿಸಿದರೂ ನಾನು ಅವಳನ್ನು ನೋಡಲಿಲ್ಲ. ಪಾಪ, ಅವಳಿಗೂ ನನಗೂ ಏನು ವೈರ? ನಾನು ನೋಡುತ್ತಿದ್ದದ್ದು ಆ ಮೂಲೆಯನ್ನು. ನೀಲಿ ಟ್ರ್ಯಾಕ್‌ಸೂಟು ಸ್ಟೂಲಿನ ಮೇಲೆ ಕುಸಿದು ಕೂತಿತು, ಹಿಂದಕ್ಕೆ ತಿರುಗಿ ನೋಡದೆ. ಅದನ್ನು ಕಣ್ಣು ತುಂಬ ನೋಡಿದೆ. ಇವತ್ತಿಗೂ ಮನಸ್ಸಿಗೆ ಬೇಸರವಾದಾಗ ಅದನ್ನೊಮ್ಮೆ ನೆನೆಸಿಕೊಳ್ಳುತ್ತೇನೆ.

ಕೆಲಸ ಸಿಕ್ಕಿತು. ಮೂರು ತಿಂಗಳಿಗೆ ಅಕಾಡೆಮಿಯವರು ಅವರನ್ನು ಕಳಿಸಿಬಿಟ್ಟರು ಅಂತ ಸುದ್ದಿ ಬಂತು. ಮೂಲೆಯಲ್ಲಿ ನಿಂತು ಹುಚ್ಚನ ಹಾಗೆ ಕೂಗಿ ಹುಡುಗಿಯ ಗಮನ ಕೆಡಿಸಿದರು ಅಂತ ತಪ್ಪು ಹೊರಿಸಿದರಂತೆ. ಅದೊಂದು ದೊಡ್ಡ ಸುಳ್ಳು ಅಂತ ಹೇಳಬಲ್ಲವಳು ನಾನೊಬ್ಬಳೇ. ಹೇಳಲಿಲ್ಲ. ಅವತ್ತು ಅಮ್ಮನ ಕೈಯಲ್ಲಿ ಶ್ಯಾವಿಗೆ ಪಾಯಸ ಮಾಡಿಸಿಕೊಂಡು ತಿಂದೆ. ಎರಡು ಲೋಟ.

ಅವರು ಮತ್ತೆ ತಾರಸಿಗೆ ಹೋದರು. ನಾನು ಹೋಗಲಿಲ್ಲ. ಹನ್ನೊಂದು ವರ್ಷ. ನುಂಗಂಬಾಕ್ಕಂಗೂ ವಡಪಳನಿಗೂ ಎಷ್ಟು ದೂರ? ಆದರೂ ಒಂದು ದಿನ ಹೋಗಲಿಲ್ಲ. ಆ ಕಡೆಯ ಬಸ್ಸಿನಲ್ಲಿ ಬಂದರೂ ತಾರಸಿಯ ಕೆಳಗಿನ ಸಿಗ್ನಲ್ ಬರುವಾಗ ಫೋನ್ ನೋಡುತ್ತ ಕೂರುವೆ.

ಅವರಿಗೆ ಪಾರ್ಶ್ವವಾಯು ಆಗಿದೆ ಅಂತ ಅವರ ಹೆಂಡತಿಯೇ ಫೋನ್ ಮಾಡಿದರು. "ಒಂದು ಸಲ ಬಂದು ಹೋಗಮ್ಮ. ಅರ್ಧ ಮಾತು ಬರಲ್ಲ ಅವರಿಗೆ. ಬರೋ ಮಾತಲ್ಲಿ ನಿನ್ನನ್ನೇ ಕೇಳ್ತಾರೆ." ಹೋದೆ. ಕರುಣೆಯಿಂದ ಹೋದೆ ಅಂತ ಯಾರೂ ತಿಳಿಯಬೇಡಿ. ಹನ್ನೊಂದು ವರ್ಷದಿಂದ ಒಂದು ಮಾತನ್ನು ಮನಸ್ಸಿನಲ್ಲಿ ಸಾಣೆ ಹಿಡಿದು ಇಟ್ಟುಕೊಂಡಿದ್ದೆ. "ನೀವು ನನ್ನನ್ನು ಮಾರಿದ್ದು ಒಂದು ಬೆನ್ನಿನಷ್ಟು ಜಾಗಕ್ಕೆ, ಮಾಸ್ಟರ್." ಅದನ್ನು ಮುಖದ ಮೇಲೆ ಹೇಳಿ ಬರಬೇಕಿತ್ತು. ಅವರು ಹೋಗುವ ಮುಂಚೆ ಹೇಳಬೇಕಿತ್ತು. ಅದಕ್ಕೇ ಶನಿವಾರ ಮಧ್ಯಾಹ್ನ ಆಫೀಸು ಮುಗಿಸಿದವಳೇ ಬಸ್ಸು ಹತ್ತಿದೆ.

ಮುರುಗನ ಗುಡಿಯ ಹಿಂದೆ, ಬಸ್ ಸ್ಟಾಪಿನ ಪಕ್ಕದ ಗಲ್ಲಿಯಲ್ಲಿ, ಎರಡನೆಯ ಮನೆ. ಒಂದೇ ಕೋಣೆ. ಗೋಡೆಗೆ ಒರಗಿಸಿ ಕೂರಿಸಿದ್ದರು. ಅಷ್ಟು ದೊಡ್ಡ ಮೈ ಒಣಗಿ, ಬಲಗಡೆ ಪೂರ್ತಿ ಜೋತುಬಿದ್ದಿತ್ತು. ತಲೆಯ ಮೇಲೆ ಮೊಳೆಗೆ ಆ ನೀಲಿ ಟ್ರ್ಯಾಕ್‌ಸೂಟು ತೂಗುಹಾಕಿದ್ದರು, ಹೆಸರು ಈ ಕಡೆಗೆ ಕಾಣುವ ಹಾಗೆ. ಅಕ್ಷರಗಳು ಅಲ್ಲಲ್ಲಿ ಉದುರಿದ್ದವು. ಅವರ ಹೆಂಡತಿ ಕಾಫಿ ತರಲು ಒಳಗೆ ಹೋದರು.

ನನ್ನನ್ನು ನೋಡಿ ಅವರ ಎಡಗಣ್ಣು ಅರಳಿತು. ಬಾಯಿ ಕಷ್ಟಪಟ್ಟಿತು. "ಆ ನಡಿಪ್ಪು..." ಅಂದರು. ಸ್ವಲ್ಪ ಉಸಿರು ತೆಗೆದುಕೊಂಡು, "ಮೂವತ್ತು ವರ್ಷ... ನಾನೂ ಅಷ್ಟು ಚೆನ್ನಾಗಿ... ವಾಂಗಿಲ್ಲ ಮಾ."

ಕೊನೆಗೂ ಬಂತು ಶಭಾಷ್. ಯಾವುದಕ್ಕೆ ಬಂತು ನೋಡಿ! ನನಗೆ ಇನ್ನಷ್ಟು ಸಿಟ್ಟು ಬಂತು. ಸಾಣೆ ಹಿಡಿದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಅವರು ಎಡಗೈಯನ್ನು ಹಾಸಿಗೆಯಿಂದ ಎತ್ತಿದರು. ಮೆಲ್ಲಗೆ. ಬೆರಳು ಮಡಿಸುವುದಕ್ಕೇ ಅಷ್ಟು ಹೊತ್ತು ಹಿಡಿಯಿತು. ಮುಷ್ಟಿ ಮಾಡಿ ನನ್ನ ಕಡೆಗೆ ತಂದರು. ಅದು ನನ್ನ ದವಡೆಗೆ ಒಂದು ಇಂಚು ಆಚೆ ಬಂದು ನಿಂತಿತು.

ಹಾಜರಿ.

ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು. ಕಾಯುತ್ತಿದ್ದರು. ನನಗೆ ಗೊತ್ತಾಯಿತು, ಹೇಳಬೇಕಾದ ಮಾತಿಗಿಂತ ದೊಡ್ಡ ಏಟು ಈಗ ನನ್ನ ಕೈಯಲ್ಲಿದೆ ಅಂತ. ನನ್ನ ಕತ್ತು ತಾನಾಗಿ ಹಿಂದಕ್ಕೆ ಹೊರಟಿತ್ತು. ಫೈನಲ್ಲಿನಲ್ಲಿ ಹಿಡಿದದ್ದಕ್ಕಿಂತ ಬಿಗಿಯಾಗಿ ಹಿಡಿದೆ. ಅವರ ಕಣ್ಣಲ್ಲಿ ಕಣ್ಣಿಟ್ಟು, ರೆಪ್ಪೆ ಸಹ ಬಡಿಯದೆ, ಕಲ್ಲಿನ ಹಾಗೆ ಕೂತೆ.

ಮುಷ್ಟಿ ಅಲ್ಲೇ ಗಾಳಿಯಲ್ಲಿ ನಡುಗುತ್ತ ನಿಂತಿತ್ತು. ಆಮೇಲೆ ಹಾಸಿಗೆಗೆ ಬಿತ್ತು. ಅವರು ಸಿಟ್ಟಾಗಲಿಲ್ಲ. ತಾರಸಿಯಲ್ಲಿ ಹೇಳುತ್ತಿದ್ದ ಹಾಗೇ, ಅದೇ ದನಿಯಲ್ಲಿ, ತೊದಲುತ್ತ ಹೇಳಿದರು.

"ಒನ್ ಮೋರ್."

ಕೈಯನ್ನು ಮತ್ತೆ ಎತ್ತಲು ಶುರುಮಾಡಿದರು. ನಾನು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಎದ್ದೆ. "ಬಸ್ಸಿಗೆ ಹೊತ್ತಾಯಿತು ಮಾಸ್ಟರ್," ಅಂದೆ. ಕಾಫಿ ಲೋಟ ಹಿಡಿದು ಬಂದ ಅವರ ಹೆಂಡತಿ ಬಾಗಿಲಲ್ಲೇ ನಿಂತರು. ಅದಾಗಿ ಐದನೆಯ ದಿನಕ್ಕೆ ಅವರು ಹೋದರು.

ಸೇಡು ತೀರಿತು. ಪೂರ್ತಿ ತೀರಿತು, ಒಂದು ಚೂರೂ ಬಾಕಿ ಇಲ್ಲ. ಅವರ ಮುಂದಿನಿಂದ ಎದ್ದು ಬಂದ ಆ ದಿನ ಬಸ್ಸು ಮಾತ್ರ ಇಪ್ಪತ್ತು ನಿಮಿಷ ಬರಲೇ ಇಲ್ಲ. ಅಷ್ಟು ಹೊತ್ತೂ ನಾನು ಸ್ಟಾಪಿನಲ್ಲೇ ನಿಂತಿದ್ದೆ. ಅವರ ಮನೆ ಅಲ್ಲಿಂದ ಎರಡನೆಯದು.